ಕೈಪೊಗೆ ಬಿಟ್ಟುಹೋದ ಕಲ್ಲು

ಅಲ್ಲ, ಆ ಬೂದಿ ಕೆದಕೋದು ಬಿಟ್ಟು ನನ್ನ ಮಾತಿಗೆ ಉತ್ತರ ಕೊಡು. ಗಂಡನ ಮೂಳೆ ಆ ಮೂಲೇಲಿ ಬಿದ್ದಿದೆ, ನೀನು ಒಲೆಗುಂಡಿ ಜಾಲಾಡ್ತಾ ಕೂತಿದ್ದೀಯ. ಕಣ್ಣಲ್ಲಿ ಒಂದು ಹನಿ ನೀರಾದ್ರೂ ಬೇಡ್ವಾ?

ಕೈಪೊ ನಿನಗೆ ಗಂಡನಾಗೋಕೆ ಮುಂಚೆ ನನಗೆ ತಮ್ಮ ಕಣೇ ನೀಮೆ. ನಾನೆತ್ತಿ ಆಡಿಸಿದ ಹುಡುಗ. ಚಳಿಗಾಲಕ್ಕೆ ಮುಂಚೆ, ಕಾಲು ಮುರಿದುಕೊಂಡು ಬಿದ್ದವನನ್ನ ಈ ಗುಡಿಸಲಲ್ಲಿ ಬಿಟ್ಟು, ಮಗೂನ ಕಂಕುಳಿಗೇರಿಸಿಕೊಂಡು ಕಡಲ ಕಡೆ ಹೊರಟೋಳು ಯಾರು? ನಾನಾ? ಒಂದ್ಸಲ ತಿರುಗಿ ನೋಡಿದ್ಯಾ?

ತಲೆ ಯಾಕೆ ಅಲ್ಲಾಡಿಸ್ತೀಯ? ಹಿಮ ಬೀಳೋ ಮುಂಚೆ ಎಲ್ಲರೂ ಹೊರಡಲೇಬೇಕಿತ್ತು, ಸರಿ, ಒಪ್ಪಿದೆ. ಪದ್ಧತಿ ನನಗೂ ಗೊತ್ತು. ಹಿಂದೆ ಉಳಿಯೋನಿಗೆ ಒಣಮೀನು, ಸುಟ್ಟ ಕಾಯಿ, ಬೆಂಕಿ, ಮತ್ತೆ ಬಾಣ, ಕತ್ತಿ ಕೆತ್ತಿಕೊಳ್ಳೋಕೆ ಒಂದು ಇಡೀ ಚಕಮಕಿ ಕಲ್ಲು. ಈ ಹೊಳೆದಂಡೇಲಿ ತಲೆಕೆಳಗಾಗಿ ಹುಡುಕಿದ್ರೂ ಅದು ಸಿಗಲ್ಲ, ಅದಕ್ಕೇ ಅಲ್ವಾ ಕೊಡೋದು? ಮೀನು ನೀನಿಟ್ಟೆ. ಕಲ್ಲು ನಾನಿಟ್ಟೆ. ಎಲ್ಲರಿಗಿಂತ ಕೊನೇಗೆ ಹೊರಟೋನು ನಾನೇ. ಅವನ ತಲೆದೆಸೇಲಿ ಜಿಂಕೆ ಚರ್ಮದಲ್ಲಿ ಸುತ್ತಿ ಇಟ್ಟೆ. ನಮ್ಮ ಹತ್ರ ಉಳಿದಿದ್ದು ಅದೊಂದೇ ಕಲ್ಲು, ಆದ್ರೂ ಇಟ್ಟೆ. ಎಷ್ಟು ಬಾಣದ ಮೊನೆ ಆಗ್ತಿತ್ತು ಅದರಲ್ಲಿ! ಬಾಗಿಲಲ್ಲಿ ಕೂತೇ ಬಾತು ಹೊಡೀಬಹುದಿತ್ತು, ಸೌದೆ ಸೀಳಬಹುದಿತ್ತು...

ಸೋಮಾರಿ. ಮೊದಲಿಂದಲೂ ಸೋಮಾರಿ. ನೀನು ತಿನ್ನಿಸಿ ತಿನ್ನಿಸಿ ಇನ್ನೂ ಕೆಡಿಸಿದೆ. ಕಲ್ಲು ಕೈಲಿದ್ದೂ ಹಸಿದು ಸತ್ತ ಅಂದ್ರೆ ಅದು ನಿನ್ನ ಸಾಕಣೆ. ಊರೆಲ್ಲ ಕೇಳೋ ಹಾಗೆ ಹೇಳ್ತೀನಿ ಬೇಕಾದ್ರೆ.

ಮತ್ತೆ ಬೂದೀಗೇ ಕೈ. ಏನು ಹುಡುಕ್ತಿದ್ದೀಯ? ತೋರಿಸು. ಕಾಯಿ ಸಿಪ್ಪೆ, ಮೀನು ಮುಳ್ಳು. ಮತ್ತೇನಿರಬೇಕಿತ್ತು ಇದರಲ್ಲಿ?

...ಚಕ್ಕೆ. ಕಲ್ಲು ಕೆತ್ತಿದ ಚಕ್ಕೆ ಒಂದೂ ಇಲ್ಲ ಅಂತೀಯ.

ಅದು... ಹೊರಗೆ ಕೂತು ಕೆತ್ತಿರ್ತಾನೆ. ತೆವಳಿಕೊಂಡು ಹೋಗಿ. ಕಲ್ಲು ಕೆತ್ತಿದ ಕಡೆ ಚೂರು ಬೀಳುತ್ತೆ ಅಂತ ನನಗೆ ಹೇಳಿಕೊಡಬೇಡ, ನೀನು ಹುಟ್ಟೋ ಮುಂಚೆಯಿಂದ ಕೆತ್ತುತಾ ಇದ್ದೀನಿ. ಹಿಮ ಕರಗಿದ ನೀರು ಎಲ್ಲಾನೂ ಕೊಚ್ಚಿಕೊಂಡು ಹೋಗಿರುತ್ತೆ. ಹ್ಞಾಂ, ಬೂದಿ ಉಳಿದಿದೆ, ಕಾಣಿಸ್ತಿದೆ ನನಗೂ. ಹಾಗಾದ್ರೆ ಯಾರೋ ಕದ್ದಿದ್ದಾರೆ. ಆ ಮೇಲ್ಹೊಳೆಯವರು, ಕಳ್ಳರು, ಅವರು ಬಂದು...

ಹಾಗೆ ನೋಡಬೇಡ ನನ್ನ. ಬಾಯಿ ಬಿಟ್ಟು ಬೈ. ಅಳು. ಏನಾದ್ರೂ ಅನ್ನು.

ಆ ಕಾಲು ಕೊಳೀತಾ ಇತ್ತು, ನೀನೂ ಮೂಸಿ ನೋಡಿದ್ದೆ. ಇಂದಲ್ಲ ನಾಳೆ ಹೋಗೋ ಜೀವ. ಕಡಲು ಮುಟ್ಟೋವರೆಗೂ ನಮ್ಮ ಕೈಲಿ ಬೇರೆ ಒಂದು ಚೂರು ಕಲ್ಲಿರಲಿಲ್ಲ ನೀಮೆ. ದಾರಿ ಉದ್ದಕ್ಕೂ ನಿನ್ನ ಮಗು ಬಾಯಿಗೆ ಮಾಂಸ ಇಟ್ಟೆಯಲ್ಲ, ಅದನ್ನ ನಾನು ಯಾವ ಕಲ್ಲಿನ ಬಾಣದಲ್ಲಿ ಹೊಡೆದೆ ಅಂದ್ಕೊಂಡಿದ್ದೆ? ಆಗ ಯಾಕೆ ಕೇಳಲಿಲ್ಲ ನೀನು?