ಪ್ರಸಂಗಪೀಠದ ಮೆಟ್ಟಿಲು

2025ರ ಏಪ್ರಿಲ್ 19, ಶನಿವಾರ, ಸಂಜೆ 4 ಗಂಟೆ 10 ನಿಮಿಷ. ಶಿಡ್ಲಘಟ್ಟದ ಬಸ್ ನಿಲ್ದಾಣದಲ್ಲಿ ಚಿಂತಾಮಣಿಯ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬ ಅಜ್ಜಿ ಮತ್ತು ಬೈಬಲ್ ಹಿಡಿದಿದ್ದ ಮೊಮ್ಮಗಳು ಮಾತಾಡುತ್ತಿದ್ದರು.

“ನಾಳೆ ಚರ್ಚಲ್ಲಿ ಈಸ್ಟರ್ ಪ್ರಸಂಗ ನಾನು ಮಾಡಲ್ಲ ಅಜ್ಜಿ. ಹೆಂಗಸು ಪೀಠ ಹತ್ತೋದು ಬೇಡ, ಕೆಳಗೆ ನಿಂತು ಮಾತಾಡ್ಲಿ ಅಂದ್ರು ಸಭೆ ಹಿರಿಯರು.”

“ನಮ್ಮಮ್ಮಂಗೂ ಹಂಗೇ ಅಂದಿದ್ರು ಕಣೇ ಶಾರೋನಮ್ಮ. ಪೆರೇಸಂದ್ರದ ಕಡೆ ಮನೆ ಮನೆಗೂ ನಡ್ಕೊಂಡು ಹೋಗೋಳು. ರೇಷ್ಮೆ ಹುಳಕ್ಕೆ ಸೊಪ್ಪು ಹೆಚ್ಚೋ ಹೆಂಗಸರ ಜೊತೆ ಕೂತು, ತಾನೂ ಹೆಚ್ತಾ ಹೆಚ್ತಾ ಯೇಸು ಸಮಾಧಿಯಿಂದ ಎದ್ದ ಕತೆ ಹೇಳೋಳು. ಎಂಥಾ ಕಂಠ ಅಂತೀಯ! ಚರ್ಚಲ್ಲಿ ಮಾತ್ರ ಮೆಟ್ಲು ಕೆಳಗೇ ಅವಳ ಜಾಗ.”

“ಆವಾಗ ಯಾರೂ ಕೇಳ್ಲಿಲ್ವಾ?”

“ಇಲ್ಲ, ನಾನೂ ಕೇಳ್ಲಿಲ್ಲ. ಈಗ ನೀನು ಹೇಳು, ಸಮಾಧಿ ಹತ್ರ ಯೇಸು ಮೊದ್ಲು ಮಾತಾಡಿದ್ದು ಯಾರ ಜೊತೆ?”

“ಮಗ್ದಲದ ಮರಿಯಳ ಜೊತೆ.”

“ಹೋಗಿ ಶಿಷ್ಯರಿಗೆ ಹೇಳು ಅಂದಿದ್ದೂ ಅವಳಿಗೇ. ಅವಳು ಹೇಳ್ದೆ ಇದ್ದಿದ್ರೆ ಆ ಗಂಡಸರೆಲ್ಲ ಇನ್ನೂ ಬಾಗ್ಲು ಹಾಕ್ಕೊಂಡೇ ಕೂತಿರೋರು.”

ಹುಡುಗಿ ನಕ್ಕಳು. “ಬೈದ್ರೆ?”

“ಬೈಲಿ ಬಿಡು. ಮುಂದಿನ ಸಾಲಲ್ಲಿ ನಾನಿರ್ತೀನಿ. ಆ ಮೆಟ್ಲು ಏನು ಬೆಟ್ಟವೇನಮ್ಮ? ನೋಡು, ಈ ಕಟ್ಟೆಯಷ್ಟೇ.” ಅಜ್ಜಿ ನಿಲ್ದಾಣದ ಕಟ್ಟೆಯ ಅಂಚಿಗೆ ಕಾಲು ತಾಗಿಸಿ ತೋರಿಸಿದರು.

“ಸರಿ ಅಜ್ಜಿ. ಮೇಲೆ ನಿಂತೇ ಹೇಳ್ತೀನಿ.”

ಚಿಕ್ಕಬಳ್ಳಾಪುರದ ಬಸ್ಸು ಬಂತು. ಇಬ್ಬರೂ ಹತ್ತಿ ಹೋದರು.

ಚೀಲದಲ್ಲಿ ಸ್ಕೇಲು ಇತ್ತು. ಕಟ್ಟೆಯ ಎತ್ತರ ಅಳೆದೆ: ಹದಿನಾರು ಸೆಂಟಿಮೀಟರ್.