ಮುಳ್ಳಿಲ್ಲದ ಜಾಗ

...ನಗ್ಬೇಡ ಜಲಜಾ. ನಾನೇನು ತಮಾಷೆಗೆ ಹೇಳ್ತಾ ಇಲ್ಲ. ಆ ಗೂಟ ಕೀಳಿಸು. ನಾಲ್ಕೂ ಗೂಟ ಕೀಳಿಸಿ, ದಾರ ಸುತ್ತಿಟ್ಕೊಂಡು, ಮೇಸ್ತ್ರಿಗೆ ಹೇಳ್ಬಿಡು... ಬಾಲವಾಡಿಗೆ ಪಾಯ ಇಲ್ಲಿ ಬೇಡ, ಮೈದಾನದ ಆ ಮೂಲೇಲಿ ತೆಗೀರಿ ಅಂತ. ನಾಳೆ ಬೆಳಿಗ್ಗೆ ಅವರು ಗುದ್ದಲಿ ಹೊತ್ಕೊಂಡು ಬರೋ ಹೊತ್ತಿಗೆ ಇಲ್ಲೇನೂ ಇರಬಾರ್ದು. ಅಷ್ಟೇ ನಾನು ಕೇಳೋದು.

ಯಾಕೆ ಹಾಗ್ ನೋಡ್ತೀಯಾ? ಬಾಲವಾಡೀನೇ ಬೇಡ ಅಂದ್ನಾ? ಅಯ್ಯೋ, ಈ ಬಡಾವಣೆಗೆ ಬಾಲವಾಡಿ ಬೇಕು ಅಂತ ಮೊದಲು ಬಾಯಿಬಿಟ್ಟೋಳೇ ನಾನು! ಆವತ್ತು ಸಭೇಲಿ ನಮ್ಮ ಬೀದಿ ಕಮಲಾಕ್ಷಮ್ಮ ಏನಂದ್ರು, ಮರೆತ್ಯಾ? 'ನೀಲಮ್ಮ, ನಿಮ್ಗೇ ಮಕ್ಕಳಿಲ್ಲ, ನಿಮಗ್ಯಾಕ್ರೀ ಬಾಲವಾಡಿ?' ಅಂದ್ರು. ಎಲ್ಲರೆದುರಿಗೆ. ನೀನೇ ನನ್ನ ಕಡೆ ಮಾತಾಡ್ದೆ. ಹ್ಞೂಂ, ಅದನ್ನ ನಾನು ಮರೆತಿಲ್ಲ.

ನೀನೂ ಮರೀಬಾರ್ದು. ನೀನು ರಾಜಾಜಿನಗರದಿಂದ ಬಸ್ಸಲ್ಲಿ ಬಂದು, ಹೆಗಲಿಗೊಂದು ಜೋಳಿಗೆ ಹಾಕ್ಕೊಂಡು, 'ನಿಮ್ಮ ಬಡಾವಣೆಗೆ ಏನು ಬೇಕೋ ನೀವೇ ಹೇಳಿ, ನಾನು ಒಂದು ವರ್ಷ ನಿಮ್ ಜೊತೆಗಿರ್ತೀನಿ' ಅಂದಾಗ ಜನ ಬಾಗಿಲು ಹಾಕ್ಕೊಂಡ್ರು. ಸೋಪು ಮಾರೋಕೆ ಬಂದಿದಾಳೆ ಅಂತ! ಒಳಗೆ ಕರೆದು ಕಾಫಿ ಕೊಟ್ಟೋರು ಯಾರು? ...ಹ್ಞಾಂ. ಹಾಗೆ ಬಾ ದಾರಿಗೆ. ಓದಿರೋ ಹುಡುಗೀರಿಗೆ ತಿಂಗಳಾ ತಿಂಗಳಾ ದುಡ್ಡು ಕೊಟ್ಟು, ಹೋಗಿ ಜನರ ಜೊತೆ ಕೂತು ಅವರ ಬೀದಿಗೆ ಅವರ ಕೈಲೇ ಪ್ಲಾನು ಮಾಡಿಸಿ ಅಂತ ಯಾವುದೋ ಸಂಸ್ಥೆಯೋರು ಕಳಿಸ್ತಾರಂತೆ, ಫೆಲೋಶಿಪ್ ಅಂತೆ, ಅಂದ್ರೆ ನಮ್ಮೆಜಮಾನ್ರು ನಕ್ಕಿದ್ದೇ ನಕ್ಕಿದ್ದು. ಸಂಬಳ ತಗೊಂಡು ಮಾಡೋದೂ ಒಂದು ಸೇವೆನಾ ಅಂತ. ನಾನೇ ಜಗಳ ಆಡ್ದೆ. ಉಪವಾಸ ಇದ್ಕೊಂಡು ಸೇವೆ ಮಾಡೋಕೆ ಅವಳೇನು ದೇವರಾ ಅಂದೆ. ನಿನ್ನ ಪರವಾಗಿ ಆಡ್ದೆ ಕಣೇ!

ಗೊತ್ತು, ಗೊತ್ತು. ಹುಣಸೆಬೀಜದ ವಿಷಯ ತಾನೇ? ನಾನೂ ಅಲ್ಲೇ ಇದ್ನಲ್ಲ. ದೇವಸ್ಥಾನದ ಅಂಗಳದಲ್ಲಿ ಇಡೀ ಬಡಾವಣೇನ ರಂಗೋಲಿಪುಡೀಲಿ ಬಿಡಿಸ್ದೆ. ಕೊಳಾಯಿ, ಮೈದಾನ, ಬಸ್ ನಿಲ್ಲೋ ಜಾಗ, ಎಲ್ಲಾ. ಎಲ್ಲರ ಕೈಗೂ ಒಂದೊಂದು ಬೀಜ ಕೊಟ್ಟು, ಬಾಲವಾಡಿ ಎಲ್ಲಿ ಬೇಕೋ ಅಲ್ಲಿಡಿ ಅಂದೆ. ಚೆನ್ನಾಗೇ ಇತ್ತು, ನಾನು ಬೇಡ ಅಂದ್ನಾ? ಆದ್ರೆ ಕಮಲಾಕ್ಷಮ್ಮ ಬಾಯಿ ಹಾಕಿದ್ರಲ್ಲ... 'ಮೈದಾನದ ತುಂಬಾ ಜಾಲಿಮುಳ್ಳು, ಮಕ್ಕಳ ಕಾಲಿಗೆ ಚುಚ್ಚದೇ ಇರೋ ಜಾಗ ಅಂದ್ರೆ ಇದೊಂದೇ' ಅಂತ... ಆಗೋಯ್ತು. ಎಲ್ಲರೂ ಇಲ್ಲೇ ತಂದು ಸುರಿದ್ರು. ನಮ್ಮೆಜಮಾನ್ರೂ! ಬಡಾವಣೆ ಸಂಘದ ಅಧ್ಯಕ್ಷರು, ಶಂಭುಲಿಂಗಪ್ಪನೋರು! ಅವರೂ ಬಗ್ಗಿ ಇಲ್ಲೇ ಇಟ್ರು. ಇಲ್ಲೇ! ಇಟ್ಟು, ನನ್ನ ಮುಖ ನೋಡದೆ ಎದ್ದು ಹೋದ್ರು. ಆವತ್ತಿಂದ ಅವರಿಗೆ ಊಟ ಬಡಿಸ್ತೀನಿ, ಮಾತಾಡಿಸಲ್ಲ.

ನನ್ನ ಬೀಜನಾ? ನನ್ನ ಬೀಜ ನನ್ನ ಕೈಲೇ ಇತ್ತು.

ಹೌದು, ನೀನು ಕೇಳ್ದೆ. 'ಯಾರದಾದ್ರೂ ತಕರಾರಿದ್ಯಾ' ಅಂತ ಮತ್ತೆ ಮತ್ತೆ ಕೇಳ್ದೆ. ಅಷ್ಟು ಜನರ ಮುಂದೆ ನಾನೇನು ಹೇಳ್ಲಿ? ಈಗ ಹೇಳ್ತಿದೀನಲ್ಲ, ಕೇಳು. ನೀರು ನಿಲ್ಲುತ್ತೆ ಇಲ್ಲಿ.

...ನಿಲ್ಲಲ್ವಾ? ಮಳೆಗಾಲದಲ್ಲಿ ಬಂದು ನೋಡಿದೀಯಾ? ...ಅದೂ ನೋಡಿದ್ಯಾ. ಸರಿ. ಹಾವು! ಹಾವಿದೆ ಕಣೇ. ...ಎಲ್ಲಿ ಅಂದ್ರೆ? ಹಾವೇನು ವಿಳಾಸ ಕೊಟ್ಟು ಹೋಗುತ್ತಾ? ನಗ್ಬೇಡ ಅಂದೆ!

ಏಯ್, ಅಲ್ಲಿ ನಿಂತ್ಕೋಬೇಡ. ಈ ಕಡೆ ಬಾ. ...ಏನಿಲ್ಲ, ಬಿಸಿಲು. ...ಇಳಿದಿದ್ಯಾ? ಇಳಿದಿದ್ರೂ ಬಾ.

ಜನ ತೀರ್ಮಾನ ಮಾಡಿದ್ದು, ಜನ ತೀರ್ಮಾನ ಮಾಡಿದ್ದು! ಅದೊಂದು ಮಾತು ಕಲ್ತಿದೀಯಾ. 'ನಾನು ಬರೀ ಜೊತೆಗಿರೋಳು, ಒಬ್ಬರ ಮಾತಿಗೆ ಬದಲಾಯಿಸೋ ಹಾಗಿಲ್ಲ' ಅಂತೀಯಾ. ಮತ್ತೆ ಯಾತಕ್ಕೆ ಬಂದೆ? ಹೇಳ್ಲಾ? ಮುಂದಿನ ತಿಂಗಳು ನಿನ್ನ ವರ್ಷ ಮುಗಿಯುತ್ತೆ. ಅಷ್ಟರೊಳಗೆ ಇಲ್ಲಿ ಪಾಯ ಬಿದ್ದು, ಫೋಟೋ ತೆಗೆಸಿ ಸಂಸ್ಥೆಯೋರಿಗೆ ತೋರಿಸಿದ್ರೆ ನಿಂಗೆ ಇನ್ನೊಂದು ವರ್ಷದ ಸಂಬಳ. ಅದಕ್ಕೇ ನಿಂಗೀ ಅವಸರ! ಯಾರ ಎದೆ ಮೇಲೆ ಗುದ್ದಲಿ ಬಿದ್ರೆ ನಿಂಗೇನು...

ಅಯ್ಯೋ. ಇಲ್ಲ. ನಿಂತ್ಕೋ, ಹೋಗ್ಬೇಡ. ತಪ್ಪಾಯ್ತು ಕಣೇ. ನೀನು ಅಂಥೋಳಲ್ಲ, ನಂಗೊತ್ತು. ನನ್ನ ಬಾಯಿಗಿಷ್ಟು ಮಣ್ಣು... ಬೇಡ, ಆ ಮಾತೂ ಬೇಡ. ಹೆದರಿಕೆ ನಂಗೆ. ನಾಳೆ ಬೆಳಗಾಗುತ್ತಲ್ಲಾ ಅಂತ ಹೆದರಿಕೆ. ಕೂಗಾಡಿದ್ದು ಅದಕ್ಕೇ.

ನೋಡು, ಆ ಮೂಲೇಲಿ ಬರೀ ಮುಳ್ಳು ಅಂತ ತಾನೇ ನಿನ್ನ ತೊಂದರೆ? ನಾನು ಕಿತ್ತು ಕೊಡ್ತೀನಿ. ಈಗಲೇ ಶುರು ಮಾಡ್ತೀನಿ, ಬೇಕಾದ್ರೆ ನೋಡ್ತಾ ನಿಲ್ಲು. ಯಾಕೆ, ನನ್ನ ಕೈಲಾಗಲ್ಲ ಅಂದ್ಕೊಂಡ್ಯಾ? ಜಾಲೀನ ಮೇಲೆ ಮೇಲೆ ಕಡಿದ್ರೆ ಬರಲ್ಲ ಕಣೇ, ಒಂದು ಮಳೆ ಬಿದ್ರೆ ಸಾಕು, ಮತ್ತೆ ಚಿಗುರುತ್ತೆ. ಸುತ್ತ ಅಗೆದು, ಕೈಗೆ ಗೋಣಿಚೀಲ ಸುತ್ಕೊಂಡು, ಬೇರು ಸಮೇತ ಎಳೀಬೇಕು. ಎಳೇ ಬೇರು ಒಂದು ಉಳಿದ್ರೂ ಮತ್ತೆ ಬಂದ್ಬಿಡುತ್ತೆ. ಆಮೇಲೂ ಬಿಡೋ ಹಾಗಿಲ್ಲ, ಬಂದು ಬಂದು ನೋಡ್ತಾನೇ ಇರಬೇಕು. ಇಲ್ಲೂ ಹಾಗೇ ತಾನೇ...

ಏನು?

ಯಾರು ಅಂದ್ರೆ? ಇಲ್ಲಿ ಯಾರು ಕಿತ್ತಿದ್ದು ಅಂದ್ರೆ... ಯಾರೋ ಕಿತ್ತಿರ್ತಾರೆ. ದನ ಮೇದಿರುತ್ತೆ. ...ದನ ಬೇರು ಕೀಳಲ್ಲ, ಗೊತ್ತು. ನಂಗೂ ಗೊತ್ತು ಅಷ್ಟು.

ಕೈ ಯಾಕೆ ಹಿಡ್ಕೊಂಡೆ? ಏನಿದೆ ಅಲ್ಲಿ ನೋಡೋಕೆ? ಬಿಡು. ಗೀರಿರೋದು, ಅಷ್ಟೇ. ಮನೆಗೆಲಸ ಮಾಡೋರ ಕೈ ಎಲ್ಲರದ್ದೂ ಹಾಗೇ.

...ಯಾಕೆ ನನ್ನ ಕೈ ಬಿಟ್ಟು ನೆಲ ನೋಡ್ತಿದೀಯಾ? ಇಷ್ಟು ಹೊತ್ತು ಒಂದಕ್ಕೆರಡು ಮಾತಾಡ್ತಿದ್ದೆ. ಮಾತಾಡೇ! ನೀರು ನಿಲ್ಲಲ್ಲ ನೀಲಕ್ಕ, ಹಾವಿಲ್ಲ ನೀಲಕ್ಕ, ಅನ್ನು.

ನಾವು ಎಪ್ಪತ್ತನೇ ಇಸವೀಲಿ ತಿಪಟೂರಿಂದ ಬಂದಾಗ, ಗೊತ್ತಾ, ಹೊಸಹಳ್ಳಿ ದಾಟಿದ್ರೆ ನಮ್ಮದೇ ಕೊನೇ ಮನೆ. ಇದೆಲ್ಲಾ ಪಾಳುಬಿದ್ದ ಹೊಲ. ಬಡಾವಣೆಯ ಕಲ್ಲೂ ನೆಟ್ಟಿರಲಿಲ್ಲ. ನಮಗೆ ಒಬ್ಬರೂ ಪರಿಚಯ ಇಲ್ಲ. ಹೊತ್ತಲ್ಲದ ಹೊತ್ತಲ್ಲಿ ಎಲ್ಲಿಗೆ ಹೋಗ್ಬೇಕು, ಯಾರನ್ನ ಕೇಳ್ಬೇಕು, ಒಂದೂ ಗೊತ್ತಿಲ್ಲ. ಮಠದಿಂದ ಒಬ್ಬರು ಅಯ್ನೋರು ಬಂದ್ರು, ಅಷ್ಟೇ. ಅವರೂ ನಮ್ಮೆಜಮಾನ್ರೂ, ಇಬ್ಬರೇ. ನನಗೆ ಎದ್ದು ನಿಲ್ಲೋಕೂ ಆಗ್ತಿರಲಿಲ್ಲ. ಕಿಟಕೀಲಿ ನೋಡ್ತಿದ್ದೆ. ಊರು ಇಲ್ಲೀತನಕ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು ಜಲಜಾ? ಯಾರಿಗೆ ಗೊತ್ತಿತ್ತು ಹೇಳು!

ಈಗ ಬಾಯಿಬಿಟ್ರೆ? ಸುತ್ತ ಮನೆ ಕಟ್ಕೊಂಡಿರೋರು ಬಿಡ್ತಾರಾ? 'ನಮ್ಮ ಬಾಗಿಲಿಗೆ ಎದುರಾಗಿ ಇದಾ' ಅಂತಾರೆ. ಎತ್ತಿ ಬೇರೆ ಕಡೆ ಹಾಕಿ ಅಂತಾರೆ. ಎತ್ತೋಕೆ ಏನು ಉಳಿದಿರುತ್ತೆ ಕಣೇ, ಅಷ್ಟು ಚಿಕ್ಕದು... ಸುಮ್ನಿದ್ರೂ ಗುದ್ದಲಿ, ಹೇಳಿದ್ರೂ ಗುದ್ದಲಿ. ಅದಕ್ಕೇ ನಿನ್ನೊಬ್ಬಳನ್ನೇ ಕರೆದಿದ್ದು. ಕಾರಣ ಕೇಳದೆ ಮಾಡ್ತೀಯಾ ಅಂತ.

ಅಳ್ತಿದೀಯಾ? ಯಾಕೆ? ನಾನೇನೂ ಹೇಳಿಲ್ವಲ್ಲ! ಹೇಳಿದ್ನಾ? ನಾನು ಮುಳ್ಳಿನ ವಿಷಯ ಹೇಳಿದ್ದು, ಅಷ್ಟೇ.

ಜಲಜಾ... ಚಪ್ಪಲಿ ಯಾಕೆ ಬಿಡ್ತಿದೀಯಾ?

ಬೇಡ. ಹಾಕ್ಕೋ. ಹಾಕ್ಕೊಳ್ಳೇ, ಕೈ ಮುಗೀತೀನಿ! ಕೊಳಾಯಿ ಹತ್ರ ಕಮಲಾಕ್ಷಮ್ಮ ಇದಾರೆ. ಬಿಂದಿಗೆ ತುಂಬಿ ಹರೀತಾ ಇದೆ, ಅವರಿಗೆ ಗಮನಾನೇ ಇಲ್ಲ. ನಿನ್ನ ಬರಿಗಾಲನ್ನೇ ನೋಡ್ತಿದಾರೆ. ಅವರಿಗೆ ಅರ್ಥ ಆಗ್ಬಿಡುತ್ತೆ. ಎಂಥೋರಿಗೂ ಅರ್ಥ ಆಗುತ್ತೆ...

ಬರ್ತಾ ಇದಾರೆ.

...

ಇರ್ಲಿ. ಬಿಡು. ಹಾಕ್ಕೋಬೇಡ.

ಹೆಣ್ಣುಮಗು ಕಣೇ. ಹೆಸರಿಡೋಕೆ ಮುಂಚೇನೇ ಹೋಯ್ತು. ನಮ್ಮಲ್ಲಿ ಸುಡಲ್ಲ, ಮಣ್ಣಿಗೇ ಕೊಡೋದು. ಕೊರಳಿಗೆ ಲಿಂಗ ಕಟ್ಟಿ, ವಿಭೂತಿ ಹಚ್ಚಿ, ನನ್ನ ಹಳೇ ಸೀರೇಲಿ ಸುತ್ತಿ ಕೊಟ್ಟೆ. ಅದರ ಮೈ ಮೇಲೆ ಮುಳ್ಳು ಬೆಳೀಬಾರ್ದು ಅಂತ ಕೀಳ್ತಾ ಬಂದೆ. ನಾನು ಕಿತ್ತಿದ್ದಕ್ಕೇ ಎಲ್ಲರ ಕಣ್ಣೂ ಇಲ್ಲಿಗೇ ಬಿತ್ತಲ್ಲ, ನಾನೇ ತೋರಿಸಿಕೊಟ್ಟ ಹಾಗಾಯ್ತಲ್ಲ... ಇಷ್ಟು ವರ್ಷ ನನ್ನ ಮಗು ಅಂತ ಜೋರಾಗಿ ಅಂದಿಲ್ಲ ನಾನು, ಒಂದು ಸಲಾನೂ ಅಂದಿಲ್ಲ.

ನೀನು ಇಲ್ಲೇ ನಿಂತಿರು. ನನ್ನ ಪಕ್ಕ. ಮಾತಾಡೋದೇನೂ ಬೇಡ, ನಿಂತಿದ್ರೆ ಸಾಕು.

ಕಮಲಾಕ್ಷಮ್ಮನೋರೇ... ಚಪ್ಪಲಿ ಅಲ್ಲೇ ಬಿಟ್ಟು ಬನ್ನಿ.