ಬಾಗಿಲಾಚೆಯ ಸ್ಟೂಲು

...ಇಲ್ಲ, ಇಲ್ಲ, ನೀನು ನಿನ್ನ ಪಾಡಿಗೆ ಮೊಳೆ ಹೊಡೀತಿರು, ನಾನು ಕೂತು ಹೇಳ್ತೀನಿ. ಕೆಲಸ ನಿಲ್ಲಿಸಿ ಕೇಳೋ ಅಂಥ ಸುದ್ದಿ ಏನಲ್ಲ. ಯಾವುದು, ಈ ಕುರ್ಚೀನಾ? ಆಗ್ಲಿ, ಇದರ ಮೇಲೇ ಕೂರ್ತೀನಿ. ಹಾ... ಸೊಂಟಕ್ಕೆ ಹಾಯಾಗಿದೆ ಕಣೋ. ಕುಶನ್ ಅಂಗಡಿ ಇಟ್ಟಿರೋ ಬಾಮೈದ ಸಿಗೋದಕ್ಕೂ ಪುಣ್ಯ ಮಾಡಿರಬೇಕು.

ಹೂಂ. ವಿಷಯ ಏನಂದ್ರೆ, ಆಗಲಿಲ್ಲ. ನೆನ್ನೆ ನಮ್ಮ ಗುಟ್ಟಿನ ಸಂಘದಲ್ಲಿ ನಿನ್ನನ್ನ ಸೇರಿಸಿಕೊಳ್ಳೋ ಮಾತು ಬಂತು, ಗೋಲಿ ಹಾಕಿದ್ರು, ಒಂದು ಕರೀದು ಬಿತ್ತು. ಒಂದೇ ಒಂದು. ಉಳಿದಿದ್ದೆಲ್ಲ ಬಿಳೀದೇ. ಆದ್ರೆ ಕೊಡ ಹಾಲು ಕೆಡೋದಕ್ಕೆ ಒಂದು ತೊಟ್ಟು ಹುಳಿ ಸಾಕಲ್ಲ. ಒಂದು ಕರೀದು ಬಂತು ಅಂದ್ರೆ ಮುಗೀತು, ಮತ್ತೆ ಅವರ ಹೆಸರು ಎತ್ತೋ ಹಾಗಿಲ್ಲ.

ಯಾರು ಹಾಕಿದ್ದು ಅಂತ ಮಾತ್ರ ಕೇಳಬೇಡ. ...ಸರಿ, ನೀನು ಬಾಯಿಬಿಟ್ಟು ಕೇಳಲಿಲ್ಲ. ಸುತ್ತಿಗೆ ನಿಂತಿತಲ್ಲ, ಅದಕ್ಕೆ ಹೇಳಿದೆ. ಅದು ಯಾರಿಗೂ ಗೊತ್ತಾಗಲ್ಲ, ಗೊತ್ತಾಗಬಾರದು ಅಂತಲೇ ಆ ಏರ್ಪಾಡು. ಹೊರಗಿನವರಿಗೆ ಹೇಳೋ ಹಾಗಿಲ್ಲ, ಆದ್ರೂ ನೀನು ಮನೆಯವನು, ಕೇಳು. ಪ್ರತಿಯೊಬ್ಬರ ಕೈಗೂ ಎರಡು ಗೋಲಿ ಕೊಡ್ತಾರೆ, ಒಂದು ಬಿಳೀದು, ಒಂದು ಕರೀದು. ಮೇಜಿನ ಮೇಲೆ ಒಂದು ಪೆಟ್ಟಿಗೆ ಇರುತ್ತೆ, ಅದರ ಬಾಯಿಗೆ ಬಟ್ಟೆ ಇಳಿಬಿಟ್ಟಿರ್ತಾರೆ. ಒಳಗೆ ಕೈ ಹಾಕಿ ಒಂದನ್ನ ಬಿಡಬೇಕು. ಆ ಮನುಷ್ಯ ಬೇಕು ಅಂದ್ರೆ ಬಿಳೀದು, ಬೇಡ ಅಂದ್ರೆ ಕರೀದು. ಕೈಯಲ್ಲಿ ಉಳಿದದ್ದನ್ನ ಪಕ್ಕದಲ್ಲಿರೋ ಚೀಲಕ್ಕೆ ಹಾಕಿ ಬಂದುಬಿಡಬೇಕು. ಬಲಗೈ ಮಾಡಿದ್ದು ಎಡಗೈಗೂ ಗೊತ್ತಾಗಲ್ಲ. ಇಷ್ಟೇ.

ಯಾಕೆ ನಗ್ತೀಯ? ಮಕ್ಕಳಾಟ ಅನ್ನಿಸ್ತಾ? ಜನ ಹೇಳೋ ಕಥೆಗಿಂತ ವಾಸಿ ಅಲ್ವಾ. ನಾನು ಸೇರಿದ ಹೊಸದರಲ್ಲಿ ನಿಮ್ಮಕ್ಕ ನನ್ನ ಬೆರಳಿನ ಬ್ಯಾಂಡೇಜ್ ನೋಡಿ ಊಟ ಬಡಿಸಿ ಎದ್ದು ಹೋಗ್ತಿದ್ಲು. ರಕ್ತದಲ್ಲಿ ಸಹಿ ಹಾಕಿಸಿಕೊಂಡಿದ್ದಾರೆ ಅಂತ ಅವಳ ಲೆಕ್ಕ. ಡಿಪೋದಲ್ಲಿ ಬಸ್ಸಿನ ಬಾನೆಟ್ಟು ಬಿದ್ದು ಜಜ್ಜಿತ್ತು, ಅಷ್ಟೇ. ಎದುರುಮನೆ ಟೀಚರಮ್ಮ, ಅಲ್ಲಿ ಹೆಣದ ಪೆಟ್ಟಿಗೇಲಿ ಮಲಗಿಸಿ ಮುಚ್ಚಳ ಹಾಕ್ತಾರಂತೆ ಹೌದಾ ಅಂತ ತರಕಾರಿ ಅಂಗಡಿ ಮುಂದೆ ನಿಲ್ಲಿಸಿ ಕೇಳಿದ್ರು. ಕ್ಷೌರದಂಗಡಿಯವನಂತೂ ಸರ್ಕಾರ ಬೀಳಿಸೋದು ನೀವೇ, ಕಟ್ಟೋದೂ ನೀವೇ ಅಂತ ನನ್ನ ಗಡ್ಡ ಕೆರೀತಾ ಹೇಳ್ತಾನೆ. ಗಂಟಲ ಮೇಲೆ ಕತ್ತಿ ಇರೋವಾಗ ನಾನೂ ಇಲ್ಲ ಅನ್ನೋದಕ್ಕೆ ಹೋಗಲ್ಲ.

ಸರ್ಕಾರ ಹಾಗಿರಲಿ, ಆ ಕಟ್ಟಡದಲ್ಲಿ ಒಂದು ಕಿಟಕಿ ತೆಗೆಯಕ್ಕಾಗಲ್ಲ. ಸಭೆ ಕೋಣೆ ಮುಂದಿನ ಕಾರಿಡಾರಿನ ಕಿಟಕಿಯನ್ನ ನಾನೇ ಕತ್ತಿ ತುದಿ ತೂರಿಸಿ ಮೀಟಬೇಕು. ಹೂಂ, ಕತ್ತಿ. ಅಲ್ಲಿ ಕತ್ತಿ ಇರೋದು ನಿಜ. ಬೆಣ್ಣೆ ಕೂಡ ಕತ್ತರಿಸಲ್ಲ ಅದು. ಗುಟ್ಟಿನ ಕೈಕುಲುಕು ಅಂತಾರಲ್ಲ, ಅದೂ ನಿಜ, ಒಂದು ಬೆರಳು ಒಳಗೆ ಮಡಚಬೇಕು. ಆದ್ರೆ ಅರ್ಧ ಜನಕ್ಕೆ ಸಂಧಿವಾತ. ಯಾರ ಬೆರಳು ಗುಟ್ಟಿಗೆ ಮಡಚಿದ್ದು, ಯಾರದ್ದು ನೋವಿಗೆ ಮಡಚಿದ್ದು, ದೇವರಿಗೇ ಗೊತ್ತು.

ಶಿಫಾರಸು? ಹಾ, ಅದಕ್ಕೆ ಬರೋ ಜನಕ್ಕೆ ಕೊನೆಯಿಲ್ಲ. ಮಗಳಿಗೆ ಸೀಟು, ಅಳಿಯನಿಗೆ ವರ್ಗ, ನಿಮ್ಮವರಿಗೊಂದು ಮಾತು ಹೇಳಿ ಅಂತಾರೆ. ನೋಡೋಣ ಅಂತೀನಿ. ನೋಡೋಣ ಅಂದ್ರೆ ಸಾಕು, ಅರ್ಧ ಕೆಲಸ ತಾವಾಗೇ ಆಗಿಬಿಡುತ್ತೆ. ಆದದ್ದು ನನ್ನಿಂದ, ಆಗದೇ ಹೋದದ್ದು ಅವರ ಹಣೆಬರಹ. ನಿಮ್ಮಕ್ಕ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, ಆಮೇಲೆ ನನಗೆ ಕಾಫಿಗೆ ಒಂದು ಚಮಚ ಸಕ್ಕರೆ ಜಾಸ್ತಿ ಹಾಕ್ತಾಳೆ.

ಒಳಗೆ ಏನು ನಡೆಯುತ್ತೆ ಅಂತಾ? ಅದು... ಬಾಗಿಲು ಬಹಳ ದಪ್ಪ ಕಣೋ, ಏನೂ ಕೇಳಿಸಲ್ಲ. ...ಅಂದ್ರೆ ಹೊರಗಿನವರಿಗೆ. ಹೊರಗಿನವರಿಗೆ ಕೇಳಿಸಲ್ಲ ಅಂದೆ. ಒಂದೊಂದು ಸಲ ಎಲ್ಲ ಒಟ್ಟಿಗೆ ನಗ್ತಾರೆ. ನಗ್ತೀವಿ.

ಅಲ್ಲ, ನಿನಗೆ ಇದ್ದಕ್ಕಿದ್ದ ಹಾಗೆ ಯಾಕೆ ಬಂತು ಈ ಆಸೆ? ಇಷ್ಟು ವರ್ಷ ಆ ಕಡೆ ತಲೆ ಹಾಕಿ ಮಲಗಿದವನಲ್ಲ. ಮಳೆಗಾಲ ಮುಗಿಯೋ ಹೊತ್ತಿಗೆ ಬಂದು ಭಾವ, ನಾನೂ ಸೇರ್ತೀನಿ ಅಂದೆ. ಅವತ್ತೂ ಕಾರಣ ಹೇಳಲಿಲ್ಲ. ಇವತ್ತೂ ಹೇಳಲ್ಲ ಬಿಡು, ಬಾಯಲ್ಲಿ ಮೊಳೆ ಇಟ್ಕೊಂಡಿದ್ದೀಯ.

ನಿಜ ಹೇಳಬೇಕಂದ್ರೆ ನಿನಗೆ ಒಳ್ಳೇದೇ ಆಯ್ತು. ಅಲ್ಲಿ ಒಂದು ಪದ್ಧತಿ ಇದೆ. ಎಲ್ಲರಿಗಿಂತ ಕಡೆಯಲ್ಲಿ ಸೇರಿದವನು ಬಾಗಿಲ ಹೊರಗೆ ಕೂರಬೇಕು. ಒಂದು ಸ್ಟೂಲು, ಕೈಗೆ ಆ ಕತ್ತಿ. ಒಳಗೆ ಸಭೆ ಮುಗಿಯೋವರೆಗೂ ಯಾರೂ ನುಗ್ಗದ ಹಾಗೆ ಕಾಯಬೇಕು. ಯಾರೂ ನುಗ್ಗಲ್ಲ, ಅದು ಬೇರೆ ಮಾತು. ಇನ್ನೊಬ್ಬ ಹೊಸಬ ಬಂದ್ರೆ ಕತ್ತಿ ಅವನ ಕೈಗೆ ಕೊಟ್ಟು, ಸ್ಟೂಲು ಬಿಟ್ಟುಕೊಟ್ಟು, ಒಳಗೆ ಹೋಗಬಹುದು. ಬರದೇ ಹೋದ್ರೆ ಅಲ್ಲೇ. ಗೋಲಿ ಹಾಕೋ ದಿನ ಮಾತ್ರ ಅವನನ್ನೂ ಒಳಗೆ ಕರೀತಾರೆ, ಹಾಕಿದ ತಕ್ಷಣ ಮತ್ತೆ ಸ್ಟೂಲಿಗೆ. ಈ ಕಾಲದಲ್ಲಿ ಯಾರು ಬಂದು ಸೇರ್ತಾರೆ ಹೇಳು? ಕೂತವನು ಕೂತ ಹಾಗೇ. ಆ ಕಾರಿಡಾರಿನ ಗಾಳಿ ಬೇರೆ. ಮಳೆ ಬಂದ್ರೆ ಎಲ್ಲರ ಕೊಡೆ ಅವನ ಕಾಲ ಬುಡದಲ್ಲೇ. ವಕೀಲರದ್ದು ಹಿಡಿ ಅಲ್ಲಾಡುತ್ತೆ, ಕಣ್ಣಿನ ಡಾಕ್ಟರದ್ದು ಬಿಚ್ಚಿದ್ರೆ ಮುಚ್ಚಲ್ಲ, ಅಧ್ಯಕ್ಷರದ್ದು ಅವರದ್ದೇ ಅಲ್ಲ, ಯಾರದ್ದೋ ಎತ್ತಿಕೊಂಡು ಬಂದಿದ್ದು. ನಿನಗೆ ಬೇಕಿತ್ತಾ ಅದೆಲ್ಲ?

ಈಗ ಅಲ್ಲಿ ಯಾರು ಕೂರ್ತಾರೆ ಅಂತಾ? ...ಯಾರೋ ಇದ್ದಾನೆ ಒಬ್ಬ. ಪಾಪದವನು.

ನಾನಾ? ನಾನು ರಕ್ಷಕ. ನಿಮ್ಮಕ್ಕನನ್ನ ಕೇಳು, ಅವಳಿಗೆ ಗೊತ್ತು. ಅದೊಂದು ಸ್ಥಾನ, ಸಂಘಕ್ಕೆಲ್ಲ ಒಬ್ಬನೇ ಇರೋದು. ಕೊಡೆ ವಿಷಯ ನನಗೆ ಹೇಗೆ ಗೊತ್ತು ಅಂದ್ರೆ, ಗೊತ್ತಿರುತ್ತಪ್ಪ. ರಕ್ಷಕ ಅಂದ್ಮೇಲೆ ಕಣ್ಣು ನಾಲ್ಕು ಕಡೆ ಇರಬೇಕು.

ಹಾಗಂತ ಸಂಘದವರೆಲ್ಲ ಸೋದರರು ಅನ್ನೋದು ಬರೀ ಬಾಯಿಮಾತು ಅಂದುಕೋಬೇಡ. ಈ ಸಲ ಮಳೆಗಾಲದಲ್ಲಿ ಒಳಗಿನ ಕುರ್ಚಿಗಳಿಗೆಲ್ಲ ಹೊಸ ಬಟ್ಟೆ ಹಾಕಿಸಿದ್ರು. ಹಗಲು ಹೊತ್ತು ಯಾರೋ ಬಂದು ಹಾಕಿ ಹೋಗಿದ್ದಾನೆ, ನಾನು ಡಿಪೋದಲ್ಲಿದ್ದೆ. ಆಮೇಲಿನ ಸಭೆಗೆ ಹೋಗಿ ನೋಡ್ತೀನಿ, ನನ್ನ... ನನ್ನ ಆಸನದ ಮೇಲೂ ಒಂದು ಕುಶನ್. ಅದೂ ಎಂಥದ್ದು, ಎಡಗಡೆ ಒಂದಿಷ್ಟು ದಪ್ಪ. ನನಗೆ ಎಡಸೊಂಟ ಹಿಡಿಯೋದು ಅಲ್ಲಿ ಯಾರಿಗೂ ಹೇಳಿಲ್ಲ, ಮನೇಲಿ ಬಿಟ್ರೆ ಎಲ್ಲೂ ನರಳಿಲ್ಲ. ಯಾರಿಟ್ರು ಅಂತ ಕೇಳಿದ್ರೆ ಒಬ್ಬರೂ ಬಾಯಿಬಿಡಲಿಲ್ಲ. ಅಧ್ಯಕ್ಷರು, ನನಗೇನು ಗೊತ್ತು ಅಂದುಬಿಟ್ರು. ಗೊತ್ತಿದ್ದವರೇ ಹಾಗನ್ನೋದು. ಅವತ್ತು ನನ್ನ ಕಣ್ಣು ತುಂಬಿಬಂತು ಕಣೋ, ನಿನ್ನ ಹತ್ರ ಹೇಳಕ್ಕೇನು. ನನ್ನನ್ನ ನೋಡೋನು ಒಬ್ಬ ಇದ್ದಾನೆ, ನೋಡಿ ಸುಮ್ಮನಿದ್ದಾನೆ ಅಂತ. ಆ ಸಂಘದಲ್ಲಿ ಗುಟ್ಟು ಅಂತ ಏನಾದ್ರೂ ಇದ್ರೆ ಅದೊಂದೇ.

ಸುತ್ತಿಗೆ ಯಾಕೆ ಕೆಳಗಿಟ್ಟೆ?

ಏನಿಲ್ಲ, ಈ ಅಂಟಿನ ವಾಸನೆಗೆ ಕಣ್ಣು ಉರೀತಿದೆ. ತಾಳು, ಕರ್ಚೀಫು... ಏನೋ ಬಿತ್ತಲ್ಲ. ಬಿಡು, ನೀನು ಬಗ್ಗಬೇಡ. ಮಿಷಿನ್ ಕೆಳಗೆ ಉರುಳಿಹೋಯ್ತು, ಹೋಗಲಿ. ಕೋಟಿನ ಗುಂಡಿ ಇರಬೇಕು. ಬಿಡು ಅಂದ್ನಲ್ಲ.

ಹೂಂ. ಗೋಲಿ.

ಬಿಳೀ ಗೋಲಿ. ಅದಕ್ಕೇನೀಗ? ಚೀಲಕ್ಕೆ ಹಾಕೋದು ಮರೆತಿರಬೇಕು. ಅವಸರ, ಬಾಗಿಲಿಗೆ ವಾಪಸ್ ಹೋಗಬೇಕಿತ್ತಲ್ಲ... ಅಂದ್ರೆ, ಇದು ನೆನ್ನೆದಲ್ಲ. ಹಳೇದು, ಯಾವ ಕಾಲದ್ದೋ, ಕೋಟಲ್ಲೇ ಉಳಿದಿತ್ತು. ...ಹೌದು, ಕೋಟು ಮೊನ್ನೆ ತಾನೇ ಲಾಂಡ್ರಿಯಿಂದ ಬಂತು. ನೀನೇ ತಂದುಕೊಟ್ಟೆ, ಹೌದು.

ಬಿಳೀದು ನನ್ನ ಹತ್ರ ಇದ್ರೆ ಪೆಟ್ಟಿಗೇಲಿ ಬಿದ್ದಿದ್ದು ಯಾವುದು ಅಂತ ಕೇಳು. ಕೇಳಬಾರದಾ? ಬೈಯಾದ್ರೂ ಬೈಯಿ. ಹೀಗೆ ಗೋಲೀನ ಅಂಗೈಯಲ್ಲಿಟ್ಕೊಂಡು ನಿಂತ್ರೆ ನಾನು ಏನು ಅಂತ ಹೇಳಲಿ?

ಪೆಟ್ಟಿಗೆ ಒಳಗೆ ಕೈ ಹಾಕಿ ಬಹಳ ಹೊತ್ತು ನಿಂತಿದ್ದೆ. ಹಿಂದಿದ್ದ ವಕೀಲರು ಕೆಮ್ಮಿದ್ರು. ನೀನು ಸಂಘಕ್ಕೆ ಸೇರಿದ ದಿನ ನಾನು ಎಲ್ಲರೆದುರು ಸ್ಟೂಲಿಂದ ಎದ್ದು ಕತ್ತಿ ನಿನ್ನ ಕೈಗೆ ಕೊಡಬೇಕು. ಇಷ್ಟು ವರ್ಷ ಇಲ್ಲೇ ಕೂತಿದ್ರಾ ಭಾವ ಅಂತ ನೀನು ಅನ್ನಲ್ಲ, ನಿನ್ನ ಮುಖ ಅನ್ನುತ್ತೆ. ಊಟದ ಹೊತ್ತಿಗೆ ನಿಮ್ಮಕ್ಕನಿಗೆ ಮುಟ್ಟುತ್ತೆ. ಆ ಒಂದು ಮನೇಲಿ ನಾನು ದೊಡ್ಡ ಮನುಷ್ಯ ಕಣೋ. ಡಿಪೋದಲ್ಲಿ ಅಲ್ಲ, ಸಂಘದಲ್ಲಿ ಅಲ್ಲ, ಅದೊಂದು ಮನೇಲಿ. ಅದೊಂದನ್ನ ಉಳಿಸಿಕೊಳ್ಳೋಣ ಅಂತ...

ನಿನಗೆ ಆಶ್ಚರ್ಯವೇ ಆಗಲಿಲ್ವಾ? ಸ್ಟೂಲಿನ ಮೇಲೆ ಕೂರೋನು ನಾನೇ ಅಂತ ಈಗ ಬಾಯಿಬಿಟ್ಟು ಹೇಳಿದ್ದೀನಿ. ಹುಬ್ಬು ಕೂಡ ಏರಲಿಲ್ಲವಲ್ಲ.

ಏನು? ಏಳಬೇಕಾ? ಎದ್ದೆ, ತಗೋ. ಏನು ನೋಡಬೇಕು, ನಿನ್ನ ಕುರ್ಚಿ, ನಿನ್ನ ಕುಶನ್... ಎಡಗಡೆ ದಪ್ಪ.

ಎಡಗಡೆ ದಪ್ಪ ಇದೆ ಇದು.

ಆ ಕುರ್ಚಿಗಳಿಗೆ ಬಟ್ಟೆ ಹಾಕಿ ಹೋದವನು ನೀನಾ?

ಅಲ್ಲಿ ನೀನು ಸ್ಟೂಲು ನೋಡಿದೆ. ಯಾರದ್ದು ಅಂತ ಕೇಳಿದೆ. ಅವರು ಹೇಳಿದ್ರು. ಹೊಸಬ ಬರೋವರೆಗೂ ಆ ಮನುಷ್ಯ ಒಳಗೆ ಬರೋ ಹಾಗಿಲ್ಲ ಅಂತಾನೂ ಹೇಳಿರಬೇಕು. ಅದಾದ ಮೇಲಲ್ವಾ ನೀನು, ಭಾವ, ನಾನೂ ಸೇರ್ತೀನಿ ಅಂತ ಬಂದಿದ್ದು. ಆ ಕಾರಿಡಾರಲ್ಲಿ ನನ್ನ ಬದಲು ಕೂರಕ್ಕೆ.

ನಿಮ್ಮಕ್ಕನಿಗೆ ಹೇಳಿದ್ಯಾ? ...ಹೇಳಿಲ್ಲ. ಇಷ್ಟು ದಿನ ನಮ್ಮ ಮನೇಲೇ ಕೂತು ಊಟ ಮಾಡಿದ್ದೀಯ, ನಾನು ಕೊಚ್ಚಿಕೊಂಡಿದ್ದೆಲ್ಲ ಕೇಳಿದ್ದೀಯ, ಹೇಳಿಲ್ಲ.

ಬೇಡ, ಆ ಗೋಲಿ ನನಗೆ ವಾಪಸ್ ಕೊಡಬೇಡ. ನಿನ್ನ ಹತ್ರಾನೇ ಇರಲಿ. ನಿನ್ನ ಹೆಸರಿಗೆ ಬೀಳಬೇಕಾಗಿದ್ದದ್ದು, ಅದು ನಿನ್ನದೇ.